ಊಟಕ್ಕೆ ಮುಂಚಿನ ಮಾತ್ರೆ

“ನಿನ್ನ ಕತ್ತನ್ನ ಕನ್ನಡೀಲಿ ನೋಡ್ಕೊಂಡಿದ್ದೀಯೇನೇ? ಯಾರೋ ಬಾಣಲೆ ತಳದ ಮಸಿ ಉಜ್ಜಿದಂಗೈತೆ,” ಅಂದರು ಪುಟ್ಟತಾಯಮ್ಮ, ಹಲ್ಲಿನ ಮಧ್ಯೆ ಕಚ್ಚಿದ್ದ ದಾರವನ್ನು ಬಿಡದೆಯೇ. “ಕೊಳೆ ಅಂದ್ಕೊಂಡು ಸೋಪು ಹಾಕಿ ಉಜ್ಜಬೇಡ ಮತ್ತೆ. ಅದು ಶುಗರ್ರು. ನಂಗೂ ಕತ್ತಿಂದ್ಲೇ ಶುರುವಾಗಿದ್ದು.”

ಸಿದ್ದಲಿಂಗಮ್ಮ ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡು, “ಬಿಸ್ಲಿಗೆ ಅಕ್ಕ,” ಅಂದಳು.

“ಯಾವ ಬಿಸ್ಲು ಸಿದ್ದಕ್ಕ? ಬೆಳಿಗ್ಗೆ ಬಂದು ಮಿಷಿನ್ ಮುಂದೆ ಕೂತ್ರೆ ಸಾಯಂಕಾಲ ಏಳ್ತೀರ. ಟ್ಯೂಬ್‌ಲೈಟ್ ಬಿಸ್ಲಾ?” ಮೂಲೆಯಲ್ಲಿ ಕುಚ್ಚು ಕಟ್ಟುತ್ತಿದ್ದ ಭಾನುಪ್ರಿಯಾ ನಕ್ಕಳು.

ದೇವರಾಜ ಮೊಹಲ್ಲಾದ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿ ಅದು. ಕೆಳಗೆ ಕೊಡಪಾನ, ಕೊಳಗಗಳ ಸದ್ದು; ಮೇಲೆ ಹೊಲಿಗೆ ಯಂತ್ರಗಳದ್ದು. ಸೀರೆಗೆ ಫಾಲ್ಸ್ ಹೊಲಿಯುವುದು, ಅಂಚಿಗೆ ಜಿಗ್‌ಜಾಗ್ ಹಾಕುವುದು, ಸೆರಗಿಗೆ ಕುಚ್ಚು ಕಟ್ಟುವುದು, ಇಷ್ಟೇ ಅಲ್ಲಿನ ಕೆಲಸ. ಒಡತಿ ಪುಟ್ಟತಾಯಮ್ಮನವರಿಗೆ ಅರವತ್ತು ದಾಟಿದೆ. ಮಂಡಿ ಬಗ್ಗುವುದಿಲ್ಲ, ಬಾಯಿ ನಿಲ್ಲುವುದಿಲ್ಲ. ಭಾನುಪ್ರಿಯಾ ಮೂವತ್ತರ ಆಸುಪಾಸಿನವಳು. ರೇಷ್ಮೆ ಎಳೆ ಅವಳ ಬೆರಳಿಗೆ ಸಿಕ್ಕರೆ ತಾನಾಗಿಯೇ ಗಂಟಾಗಿ ಕೂರುತ್ತದೆ. ಇವರಿಬ್ಬರ ನಡುವಿನ ಮಿಷಿನ್ ಸಿದ್ದಲಿಂಗಮ್ಮನದು. ಹತ್ತಿರ ಹತ್ತಿರ ಐವತ್ತರ ವಿಧವೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು.

ಕತ್ತಿನ ಕಪ್ಪು ಎಲ್ಲಿಂದ ಬಂತೆಂಬುದು ಸಿದ್ದಲಿಂಗಮ್ಮನಿಗೆ ಅರ್ಧಂಬರ್ಧ ಗೊತ್ತಿತ್ತು. ಅವಳ ಮೈಯಲ್ಲಿ ಎಚ್‌ಐವಿ ಇತ್ತು. ಗಂಡ ಕೊಟ್ಟು ಹೋದದ್ದು. ಅವನು ಹೋಗಿ ಹದಿನಾರು ವರ್ಷವಾಗಿತ್ತು; ಅದು ಹೋಗುವಂಥದ್ದಲ್ಲ, ದಿನಕ್ಕೊಂದು ಮಾತ್ರೆಯ ಅಂಕೆಯಲ್ಲಿ ಸುಮ್ಮನೆ ಮಲಗಿತ್ತು. ಮೊದಮೊದಲು ಕೊಡುತ್ತಿದ್ದ ಹಳೇ ಮಾತ್ರೆಗಳು ಅವಳ ಕೆನ್ನೆಯ ಮಾಂಸವನ್ನು ತಿಂದು ಹೊಟ್ಟೆಗೆ ತುಂಬಿದ್ದವು. ಈಗಿನ ಮಾತ್ರೆ ಒಳ್ಳೆಯದೇ. ಆದರೆ ಮೈ ಹಳೆಯದಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಕಣ್ಣಿಗೆ ಮಂಕು ಕವಿಯುವುದು, ಎರಡು ಮೆಟ್ಟಿಲು ಹತ್ತಿದರೆ ಮೂರನೆಯದು ಬೇಡವೆನಿಸುವುದು, ಇವೆಲ್ಲ ಹೊಸದು.

ಆ ಮೈಗಿಂತ ಹೆಚ್ಚು ದಣಿದದ್ದು ಅವಳ ಬಚ್ಚಿಡುವ ಬುದ್ಧಿ. ಕಡಕೊಳದಲ್ಲಿ ತಮ್ಮ ಶಿವರಾಮುವಿನ ಎರಡು ಕೋಣೆಯ ಮನೆಯಲ್ಲಿ ಅವಳ ವಾಸ. ತಮ್ಮನ ಹೆಂಡತಿ ನಯನಾ ಕೆಟ್ಟವಳಲ್ಲ. ಆದರೆ ವಾರ ವಾರವೂ ಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಒರೆಸಿಡುವ ಹೆಂಗಸು. ಅಂಥ ಮನೆಯಲ್ಲಿ ಮಾತ್ರೆ ಬಚ್ಚಿಡುವುದು ಹುಡುಗಾಟವಲ್ಲ. ರಂಗೋಲಿ ಡಬ್ಬದ ಪುಡಿಯೊಳಗೆ ಹೂತಿಟ್ಟು, ರಾತ್ರಿ ಊಟವಾದ ಮೇಲೆ ಮುಷ್ಟಿಯಲ್ಲಿ ಹಿಡಿದು ಬಚ್ಚಲಿಗೆ ಹೋಗಿ, ಸದ್ದು ಕೇಳದಿರಲೆಂದು ನಲ್ಲಿ ತಿರುಗಿಸಿ ನುಂಗಬೇಕು. “ಟ್ಯಾಂಕೆಲ್ಲ ಖಾಲಿ ಮಾಡ್ತೀಯೇನಕ್ಕ?” ಎಂದು ಶಿವರಾಮು ಬಾಗಿಲು ಬಡಿಯುತ್ತಿದ್ದ. ಆಸ್ಪತ್ರೆಗೆ ಹೋಗುವ ದಿನ ಅಂಗಡಿಗೆ ರಜೆ ಬೇಕಲ್ಲ, ಅದಕ್ಕೆ ಅವಳು ನೆಂಟರನ್ನು ಸಾಯಿಸುತ್ತಿದ್ದಳು. ನೆಂಟರು ತೀರಿಹೋದ ಮೇಲೆ ಮತ್ತೆ ಮೊದಲಿಂದ ಶುರುಮಾಡಬೇಕಾಯಿತು. ಕೊಳ್ಳೇಗಾಲದ ದೊಡ್ಡಮ್ಮ ಹೀಗೆ ಎರಡನೇ ಸಲ ಸತ್ತಾಗ ಪುಟ್ಟತಾಯಮ್ಮ ಕನ್ನಡಕದ ಮೇಲಿಂದ ನೋಡಿದ್ದರು, ಏನೂ ಅಂದಿರಲಿಲ್ಲ.

ಮುಂದಿನ ಸಲ ಮಾತ್ರೆ ತರಲು ಆಸ್ಪತ್ರೆಗೆ ಹೋದಾಗ ಸಿದ್ದಲಿಂಗಮ್ಮ ಸೆರಗು ಸರಿಸಿ ಕತ್ತು ತೋರಿಸಿದಳು. ರಕ್ತ ತೆಗೆದುಕೊಂಡರು. ಆಪ್ತ ಸಲಹೆಯ ಮಾಲವಿಕಾ ಮೇಡಂ ರಿಪೋರ್ಟ್ ಹಿಡಿದುಕೊಂಡು ಕೂರಿಸಿ ಹೇಳಿದರು.

“ಪೂರ್ತಿ ಶುಗರ್ ಅಲ್ಲ, ಶುಗರ್ ಅಂಚಿನಲ್ಲಿದ್ದೀರ. ಇನ್ಸುಲಿನ್ ಅಂತ ಒಂದಿದೆ. ಊಟದ ಸಕ್ಕರೇನ ಮೈಯೊಳಗಿನ ಮನೆಮನೆಗೂ ತಲುಪ್ಸೋದು ಅದರ ಕೆಲ್ಸ. ನಿಮ್ಮ ಮೈಯಲ್ಲಿ ಅದು ಬಾಗಿಲು ಬಡೀತಾ ಇದೆ, ಒಳಗಿರೋರು ತೆಗೀತಾ ಇಲ್ಲ.”

“ನಮ್ಮ ಮನೆ ಬಚ್ಲಂಗೆ,” ಅಂದಳು ಸಿದ್ದಲಿಂಗಮ್ಮ.

ಮಾಲವಿಕಾಗೆ ಅರ್ಥವಾಗಲಿಲ್ಲ. “ಬಹಳ ವರ್ಷದಿಂದ ಈ ಕಾಯಿಲೆ, ಈ ಔಷಧಿ ಇರೋರಿಗೆ ಹೀಗಾಗೋದುಂಟು. ಅನ್ನ ಕಮ್ಮಿ ಮಾಡಿ, ಮುದ್ದೆ ಚಿಕ್ಕದು ಮಾಡಿ, ದಿನಾ ನಡೀರಿ. ಆಮೇಲೆ ನೋಡೋಣ,” ಅಂದರು.

ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಸಿದ್ದಲಿಂಗಮ್ಮ ಮಾತ್ರ ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಒಳಗೊಳಗೇ ಹಗುರಾಗಿದ್ದಳು. ಶುಗರ್! ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳಿಗೂ ಹೇಳಬಹುದಾದ ಕಾಯಿಲೆ. ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬಡಿಸುವವನಿಗೆ ಕೈ ಅಡ್ಡ ಹಿಡಿದು ಕೂಗಿ ಹೇಳಬಹುದಾದ ಕಾಯಿಲೆ. ಇಷ್ಟು ವರ್ಷಕ್ಕೆ ಅವಳಿಗೂ ಬಾಯಿಬಿಟ್ಟು ಹೇಳಿಕೊಳ್ಳುವಂಥದ್ದೊಂದು ಬಂದಿತ್ತು.

“ಶುಗರ್ರಂತೆ ಅಕ್ಕ,” ಎಂದು ಮೆಟ್ಟಿಲು ಹತ್ತುತ್ತಲೇ ಹೇಳಿದಳು.

“ನಾನ್ ಹೇಳ್ಲಿಲ್ವಾ!” ಪುಟ್ಟತಾಯಮ್ಮನವರಿಗೆ ಲಾಟರಿ ಹೊಡೆದಷ್ಟು ಸಂತೋಷ. “ಬಾ, ನಮ್ ಸಂಘಕ್ಕೆ ಬಂದ್ಬುಟ್ಟೆ. ಇನ್ ಮೇಲೆ ಬೆಲ್ಲದ ಕಾಫಿ ಬಂದ್. ಭಾನು, ಆ ಡಬ್ಬಿ ಕೊಡೇ ಇಲ್ಲಿ.”

ಸೂರ್ಯಕಾಂತಿ ಹೂವಿನ ಚಿತ್ರದ ಆ ಡಬ್ಬಿಯ ಹೆಸರು ‘ಮಧುಸಖಿ’. ಪುಟ್ಟತಾಯಮ್ಮನವರ ಚಿಕ್ಕಪ್ಪನ ಮಗ ಲಕ್ಷ್ಮೀನರಸಿಂಹ ನಿವೃತ್ತಿಯಾದ ಮೇಲೆ ಯಾದವಗಿರಿಯಲ್ಲಿ ಯಾರದೋ ಬಂಗಲೆಯ ಮೀಟಿಂಗಿಗೆ ಹೋಗಲು ಶುರುಮಾಡಿ, ಅಲ್ಲಿಂದ ಟೈ ಕಟ್ಟಿಕೊಂಡು ಬಂದು ನೆಂಟರಿಗೆಲ್ಲ ಡಬ್ಬಿ ಮಾರುತ್ತಿದ್ದ. ಹಾಗಲಕಾಯಿ, ನೇರಳೆ ಬೀಜ, ಚಕ್ಕೆ, ಜೊತೆಗೆ ಅದೇನೇನೋ ಖನಿಜ. ಇನ್ಸುಲಿನ್ನಿಗೆ ಬಾಗಿಲು ತೆರೆಸುತ್ತದಂತೆ. ಊಟಕ್ಕೆ ಸ್ವಲ್ಪ ಮುಂಚೆ, ಬರಿ ಹೊಟ್ಟೆಯಲ್ಲಿ ನುಂಗಬೇಕು.

ಈ ನುಂಗುವುದಕ್ಕೊಂದು ಕ್ರಮವಿತ್ತು. ಮಧ್ಯಾಹ್ನ ಮಿಷಿನ್‌ಗಳು ನಿಂತ ಮೇಲೆ ಮೂವರೂ ಚಾಪೆ ಹಾಸಿ ಕೂರುವರು. ನಡುವೆ ಒಂದು ಅಗಲ ತಟ್ಟೆ. ಯಾರ ಬುತ್ತಿಯಲ್ಲಿ ಏನು ಪಲ್ಯ, ಏನು ಗೊಜ್ಜು ಇದ್ದರೂ ಮೊದಲು ಆ ತಟ್ಟೆಗೆ ಬೀಳಬೇಕು, ಆಮೇಲೆ ಎಲ್ಲರ ಕೈಯೂ ಅಲ್ಲಿಗೇ. ಬುತ್ತಿ ಬಿಚ್ಚುವ ಮುಂಚೆ ಪುಟ್ಟತಾಯಮ್ಮ ಒಬ್ಬೊಬ್ಬರ ಅಂಗೈಗೂ ಒಂದೊಂದು ಮಾತ್ರೆ ಹಾಕುವರು, ತೀರ್ಥ ಕೊಟ್ಟ ಹಾಗೆ. ಶುಗರ್ ಇಲ್ಲದ ಭಾನುಪ್ರಿಯಾಳಿಗೂ ಒಂದು.

“ನಂಗ್ಯಾಕೆ ಅಕ್ಕ?”

“ಮುಂದೆ ಬರೋದಕ್ಕೆ ಅಡ್ವಾನ್ಸು. ನುಂಗು.”

ಇಷ್ಟು ವರ್ಷ ಸಿದ್ದಲಿಂಗಮ್ಮ ಆ ತಟ್ಟೆಗೆ ತನ್ನ ಪಲ್ಯ ಹಾಕುತ್ತಿದ್ದಳೇ ಹೊರತು ಕೈ ಹಾಕಿದವಳಲ್ಲ. ಹೊಟ್ಟೆ ತುಂಬಿದೆ, ಖಾರ ಆಗುವುದಿಲ್ಲ, ಇವತ್ತು ಒಪ್ಪೊತ್ತು ಎಂದು ಏನಾದರೊಂದು ನೆಪ. ಜೊತೆಗೆ ಉಂಡರೆ ಅಂಟುವ ಕಾಯಿಲೆಯಲ್ಲವೆಂದು ಆಸ್ಪತ್ರೆಯಲ್ಲಿ ಎಷ್ಟು ಸಲ ಹೇಳಿದ್ದರೂ, ಗೊತ್ತಾದ ದಿನ ಇವರು ಈ ತಟ್ಟೆಯನ್ನು ನೆನೆಸಿಕೊಂಡಾರು ಎಂಬ ಅಳುಕು. ಶುಗರ್ ಬಂದ ಮೇಲೆ ಅಳುಕು ಅದು ಹೇಗೋ ಸಡಿಲವಾಯಿತು. ಮೊದಲ ದಿನ ಮಾತ್ರೆ ನುಂಗಿ, ಭಾನುಪ್ರಿಯಾಳ ಬದನೆಕಾಯಿ ಎಣ್ಣೆಗಾಯಿಗೆ ಕೈ ಹಾಕಿದಳು. ಯಾರೂ ಗಮನಿಸಲಿಲ್ಲ. ಅದೇ ಅವಳಿಗೆ ದೊಡ್ಡ ಸುಖ.

ಮುಂದಿನದನ್ನು ಅವಳು ಹೆಚ್ಚು ಯೋಚಿಸಿ ಮಾಡಲಿಲ್ಲ. ಖಾಲಿಯಾದ ಒಂದು ಮಧುಸಖಿ ಡಬ್ಬಿಯನ್ನು ಪುಟ್ಟತಾಯಮ್ಮ ಎಸೆಯಹೊರಟಾಗ, “ಕೊಡಿ ಅಕ್ಕ, ಗುಂಡಿ ಹಾಕಿಡಾಕೆ ಆಯ್ತದೆ,” ಎಂದು ಇಸಿದುಕೊಂಡಳು. ರಂಗೋಲಿ ಡಬ್ಬದಲ್ಲಿದ್ದ ಮಾತ್ರೆಗಳು ಅದಕ್ಕೆ ಬಂದವು. ರಾತ್ರಿ ನುಂಗುತ್ತಿದ್ದುದನ್ನು ಮಧ್ಯಾಹ್ನಕ್ಕೆ ತಂದಳು. ದಿನಾ ಒಂದೇ ಹೊತ್ತಾದರೆ ಯಾವ ಹೊತ್ತಾದರೂ ಸರಿ ಎಂದು ಆಸ್ಪತ್ರೆಯವರೇ ಹಿಂದೆ ಹೇಳಿದ್ದರು.

“ಇದೇನೇ ಇನ್ನೊಂದು?” ಎಂದು ಪುಟ್ಟತಾಯಮ್ಮ ಕೇಳಿದ್ದಕ್ಕೆ, “ಆಸ್ಪತ್ರೇದು ಅಕ್ಕ, ಶುಗರ್‌ಗೇ,” ಅಂದಳು. ಅಷ್ಟೇ. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು, ಒಂದೇ ಗುಟುಕಿನಲ್ಲಿ, ಹಗಲು ಹೊತ್ತಿನಲ್ಲಿ, ಎದುರಿಗೆ ಜನ ಕೂತಿರುವಾಗ ನುಂಗಿದಳು. ನಲ್ಲಿ ತಿರುಗಿಸಬೇಕಿಲ್ಲ, ಬಾಗಿಲು ಬಡಿಯುವವರಿಲ್ಲ. ಮನೆಗೆ ಹೋದರೆ ರಂಗೋಲಿ ಡಬ್ಬದಲ್ಲಿ ಬರೀ ರಂಗೋಲಿ. ನಯನಾ ಡಬ್ಬ ಇಳಿಸಿದರೆ ತಾನೇ ಮುಂದೆ ಹೋಗಿ ಹಿಡಿದುಕೊಳ್ಳುತ್ತಿದ್ದಳು.

ಹೀಗೆ ಮಳೆಗಾಲ ಕಳೆಯಿತು, ದಸರೆಯ ಸೀರೆಗಳ ಗುಡ್ಡ ಬಂದು ಕರಗಿತು. ಚಳಿ ಶುರುವಾಗುವ ಹೊತ್ತಿಗೆ ಆಸ್ಪತ್ರೆಯಲ್ಲಿ ವರ್ಷಾವರಿ ಪರೀಕ್ಷೆಗೆ ರಕ್ತ ತೆಗೆದುಕೊಂಡರು. ಮೈಯಲ್ಲಿ ವೈರಸ್ಸು ಎಷ್ಟಿದೆಯೆಂದು ನೋಡುವ ಪರೀಕ್ಷೆ ಅದು. ಅವಳದು ಪ್ರತಿಸಲವೂ ‘ಕಾಣದಷ್ಟು ಕಡಿಮೆ’ ಎಂದೇ ಬರುತ್ತಿತ್ತು. ಈ ಸಲ ಫೋನು ಬಂತು. ಬರುವಾಗ ಉಳಿದ ಮಾತ್ರೆಗಳನ್ನೂ ತರಬೇಕು ಅಂದರು.

“ನಿಜ ಹೇಳಿ ಸಿದ್ದಲಿಂಗಮ್ಮ, ನಾನೇನೂ ಬಯ್ಯಲ್ಲ,” ಅಂದರು ಮಾಲವಿಕಾ. ಅವರ ಕಣ್ಣ ಕೆಳಗೂ ನಿದ್ದೆಗೆಟ್ಟ ನೆರಳಿತ್ತು, ಬಾಗಿಲಾಚೆ ಇನ್ನೂ ಉದ್ದದ ಸಾಲಿತ್ತು. “ಎಷ್ಟು ದಿನ ಬಿಟ್ಟಿದ್ರಿ?”

“ಒಂದಿನಾನೂ ಬಿಟ್ಟಿಲ್ಲ ಮೇಡಂ.”

“ಎಲ್ಲಾರೂ ಹಾಗೇ ಅಂತಾರೆ.”

“ಎಲ್ಲಾರೂ ಅಂದ್ರೆ ನಾನೇನು ಮಾಡ್ಲಿ? ನಾನು ಬಿಟ್ಟಿಲ್ಲ.”

“ವೈರಸ್ಸು ಮತ್ತೆ ಎದ್ದಿದೆ. ಸುಮ್ಮನೆ ಏಳಲ್ಲ ಅದು. ಊರಿಗೆ ಹೋದಾಗ, ಹಬ್ಬದ ಗಲಾಟೇಲಿ, ಮರೆತು…”

“ನಮ್ಮಪ್ಪ ಸತ್ತ ದಿನಾನೂ ನುಂಗಿದ್ದೀನಿ ಮೇಡಂ. ಹೆಣ ಅಂಗಳದಲ್ಲಿತ್ತು, ನಾನು ಹಿತ್ಲಲ್ಲಿ ಮಾತ್ರೆ ನುಂಗ್ತಿದ್ದೆ.” ಅವಳ ದನಿ ಏರಲಿಲ್ಲ. ಏರಿಸಲು ಬೇಕಾದ ಉಸಿರೇ ಇರಲಿಲ್ಲ.

ಮಾಲವಿಕಾ ಪೆನ್ನು ಕೆಳಗಿಟ್ಟರು. “ಬೇರೆ ಯಾವ್ದಾದ್ರೂ ಮಾತ್ರೆ, ಔಷಧಿ?”

“ಇಲ್ಲ.”

ಅವಳು ಸುಳ್ಳು ಹೇಳಲಿಲ್ಲ. ಪುಟ್ಟತಾಯಮ್ಮ ಕೊಡುವುದು ಅವಳ ಲೆಕ್ಕದಲ್ಲಿ ಔಷಧಿಯಾಗಿರಲೇ ಇಲ್ಲ. ಹಾಗಲಕಾಯಿ, ನೇರಳೆ ಬೀಜವನ್ನು ಔಷಧಿ ಅನ್ನುತ್ತಾರೆಯೇ?

“ಸರಿ, ಉಳಿದಿರೋ ಮಾತ್ರೆ ಕೊಡಿ, ಎಣಿಸ್ತೀನಿ.”

ಸಿದ್ದಲಿಂಗಮ್ಮ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮಾಲವಿಕಾ ಮುಚ್ಚಳ ತಿರುಗಿಸಿದವರು, ಹಾಗೇ ನಿಲ್ಲಿಸಿ, ಸೂರ್ಯಕಾಂತಿ ಹೂವನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ಇದೇನು ಡಬ್ಬಿ?”

“ಖಾಲಿ ಡಬ್ಬಿ ಮೇಡಂ. ಮಾತ್ರೆ ನಮ್ದೇ.”

“ಈ ಡಬ್ಬಿಯೊಳಗೆ ಮೊದಲು ಇದ್ದಿದ್ದು? ಅದನ್ನ ಯಾರು ತಿಂದ್ರು?”

ಆಮೇಲೆ ಡಾಕ್ಟರ ಕೋಣೆ. ಅವರು ಕನ್ನಡಕ ಹಣೆಗೇರಿಸಿ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಇರುವೆ ಸಾಲಿನಂಥ ಅಕ್ಷರಗಳನ್ನು ಓದಿದರು. ಮೆಗ್ನೀಷಿಯಂ. ಜಿಂಕು. ಕ್ರೋಮಿಯಂ.

“ಎರಡೂ ಒಟ್ಟಿಗೆ ನುಂಗ್ತಿದ್ರಾ?”

“ಒಟ್ಟಿಗೇ.”

“ಬರಿ ಹೊಟ್ಟೇಲಿ?”

“ಹಂಗೇ ಬರ್ದೈತಲ್ಲ ಸಾರ್.”

ಡಾಕ್ಟರು ಬೈಯಲಿಲ್ಲ. ತಮ್ಮಷ್ಟಕ್ಕೆ ತಾವು ತಲೆಯಾಡಿಸಿದರು. “ನಿಮ್ಮ ಮಾತ್ರೆ ಕರಗಿ ರಕ್ತಕ್ಕೆ ಸೇರೋ ಮೊದ್ಲೇ ಈ ಮೆಗ್ನೀಷಿಯಂ, ಜಿಂಕು ಅದನ್ನ ಹೊಟ್ಟೇಲೇ ಹಿಡ್ಕೊಂಬಿಡುತ್ತೆ ಅಮ್ಮ. ನೀವು ನುಂಗಿದ್ದೀರ, ಅದು ಮೈಗೆ ಸರಿಯಾಗಿ ಹತ್ತಿಲ್ಲ. ಇವತ್ತಿಂದ ಇದು ಬೇಡ. ಇದ್ರಿಂದ ಶುಗರ್ ಇಳಿಯುತ್ತೆ ಅನ್ನೋದಕ್ಕೂ ಗಟ್ಟಿ ಆಧಾರ ಇಲ್ಲ. ಶುಗರ್ ಏರಿದ್ರೆ ಅದಕ್ಕೆ ಬೇರೆ ಮಾತ್ರೆ ಇದೆ. ನಿಮ್ಮ ಈ ಮಾತ್ರೆ ಜೊತೆ ಎಷ್ಟು ಕೊಡ್ಬೇಕೋ ನಾನು ನೋಡಿ ಕೊಡ್ತೀನಿ. ಮೂರು ತಿಂಗಳು ನಮ್ಮ ಆಸ್ಪತ್ರೆ ಮಾತ್ರೆಯೊಂದನ್ನೇ ಸರಿಯಾಗಿ ತಗೊಳ್ಳಿ. ಮತ್ತೆ ಪರೀಕ್ಷೆ ಮಾಡೋಣ. ವೈರಸ್ಸು ಇಳಿದ್ರೆ ಸರಿ. ಇಳೀಲಿಲ್ಲ ಅಂದ್ರೆ ಔಷಧೀನೇ ಬದಲಾಯಿಸ್ಬೇಕು, ಅದು ಇಷ್ಟು ಸುಲಭ ಇರಲ್ಲ.”

ಹೊರಗೆ ಮಾಲವಿಕಾ ಅವಳ ಮಾತ್ರೆಗಳನ್ನು ಎಣಿಸಿ ಆಸ್ಪತ್ರೆಯ ಡಬ್ಬಿಗೆ ಹಾಕಿ ಕೊಟ್ಟರು. “ಲೆಕ್ಕ ಸರಿಯಾಗಿದೆ. ನಿಮ್ಮನ್ನ ನಂಬ್ಬೇಕಿತ್ತು ನಾನು,” ಅಂದರು.

“ಇರ್ಲಿ ಬಿಡಿ ಮೇಡಂ. ನಾನೇ ನನ್ನ ನಂಬೋದು ಬಿಟ್ಟು ಎಷ್ಟೊಂದು ದಿನ ಆಯ್ತು.”

“ಇವತ್ತಿನ ಮಾತ್ರೆ ತಗೊಂಡಿಲ್ಲ ತಾನೆ? ಇನ್ ಮೇಲೆ ಊಟ ಆದ್ಮೇಲೆ ತಗೊಳ್ಳಿ, ಒಂದೇ. ಆ ಇನ್ನೊಂದು ಕೊಟ್ರೆ ಬೇಡ ಅಂತ ಹೇಳ್ಬಿಡಿ, ಅಷ್ಟೇ.”

ಅಷ್ಟೇ. ಸಿದ್ದಲಿಂಗಮ್ಮ ಮಾರ್ಕೆಟ್ಟಿನ ಪಕ್ಕದಲ್ಲಿ ನಡೆದು ಬರುತ್ತ ಆ ‘ಅಷ್ಟೇ’ಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಪುಟ್ಟತಾಯಮ್ಮ ತಮ್ಮ ಕೈಯಾರೆ ಕೊಡುವುದನ್ನು ಬೇಡ ಅಂದರೆ ಕಾರಣ ಹೇಳಬೇಕು. ಕಾರಣ ಹೇಳದಿದ್ದರೆ ಅವರು ಬಿಡುವುದಿಲ್ಲ. ನುಂಗಿದ ಹಾಗೆ ಮಾಡಿ ಸೆರಗಿಗೆ ಉಗುಳಬಹುದು. ಗ್ಯಾಸು ಅನ್ನಬಹುದು, ಹರಕೆ ಅನ್ನಬಹುದು. ಅಥವಾ ಮತ್ತೆ ರಂಗೋಲಿ ಡಬ್ಬ, ಬಚ್ಚಲು, ನಲ್ಲಿ. ಒಂದೊಂದನ್ನೂ ನೆನೆಸಿಕೊಂಡ ಹಾಗೆ ಕಾಲು ಭಾರವಾಯಿತು. ಮಾರು ಮಲ್ಲಿಗೆಯವಳು ಕೂಗಿ ಕರೆದಳು, ಬಾಳೆಹಣ್ಣಿನವನು ದಾರಿಗಡ್ಡ ಬಂದ. ಇಷ್ಟೆಲ್ಲ ಜನರಲ್ಲಿ ಯಾರಿಗಾದರೂ ತನ್ನಷ್ಟು ಸುಳ್ಳು ಬಾಯಿಪಾಠ ಇರಬಹುದೇ ಎಂದುಕೊಂಡಳು. ಮಹಡಿ ಮೆಟ್ಟಿಲ ಬುಡದಲ್ಲಿ ಕೊಳಗವೊಂದಕ್ಕೆ ಕೈಯೂರಿ ಸುಧಾರಿಸಿಕೊಂಡು ಮೇಲೆ ಹತ್ತಿದಳು.

ಚಾಪೆ ಹಾಸಿಯಾಗಿತ್ತು. ಅವಳಿಗಾಗಿಯೇ ಕಾಯುತ್ತಿದ್ದರು.

“ಬಾ ಬಾ, ಹೊಟ್ಟೆ ತಾಳ ಹಾಕ್ತೈತೆ. ಇವತ್ತು ಯಾರು ಸತ್ತಿದ್ರು?” ಅಂದರು ಪುಟ್ಟತಾಯಮ್ಮ. ಭಾನುಪ್ರಿಯಾ ತುಟಿ ಕಚ್ಚಿ ನಗು ತಡೆದಳು. “ಕೈ ತಾ.”

ಸಿದ್ದಲಿಂಗಮ್ಮ ಕೂತಳು. ಕೈ ಚಾಚಲಿಲ್ಲ. “ನಂಗೆ ಬ್ಯಾಡ ಅಕ್ಕ.”

“ಯಾಕೆ?”

“ಆಸ್ಪತ್ರೇಲಿ ಬ್ಯಾಡ ಅಂದ್ರು. ನನ್ನ ಮಾತ್ರೆಗೂ ಇದಕ್ಕೂ ಆಗಲ್ವಂತೆ.”

“ಅವರೇನು ಅಂತಾರೆ ಬುಡು. ನಾನೂ ಆಸ್ಪತ್ರೆ ಶುಗರ್ ಮಾತ್ರೆ ನುಂಗ್ತೀನಿ, ಇದೂ ನುಂಗ್ತೀನಿ. ಗುಂಡುಕಲ್ಲಂಗಿಲ್ವಾ?”

“ಗುಂಡುಕಲ್ಲು ಮೆಟ್ಲು ಹತ್ತಲ್ಲ ಅಕ್ಕ,” ಅಂದಳು ಭಾನುಪ್ರಿಯಾ.

“ನೀನು ಬಾಯಿ ಮುಚ್ಚೆ. ಏನೇ ಸಿದ್ದಿ, ನನ್ನ ಕೈಯಿಂದ ತಗೊಳಾಕೆ ಬೇಜಾರಾ? ಲಕ್ಷ್ಮೀನರಸಿಂಹ ಸುಮ್ನೆ ಮಾರ್ತಾನೆ, ನಾನ್ ಸುಮ್ನೆ ಕೊಡ್ತೀನಿ ಅಂತಾನಾ? ತೋರ್ಸು, ಯಾವ ಮಾತ್ರೆ ನಿಂದು, ಅದ್ಯಾಕೆ ಆಗಲ್ಲ ನೋಡೇಬುಡ್ತೀನಿ.”

ಅವರು ಕೈಚಾಚಿ ಸಿದ್ದಲಿಂಗಮ್ಮನ ಚೀಲದಿಂದ ಆಸ್ಪತ್ರೆಯ ಡಬ್ಬಿ ತೆಗೆದೇಬಿಟ್ಟರು. ಒಂದು ಮಾತ್ರೆಯನ್ನು ಅಂಗೈಗೆ ಸುರಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಇಷ್ಟು ದಿನ ಎದುರಿಗೇ ನುಂಗುತ್ತಿದ್ದರೂ ಅವರು ಅದನ್ನು ಹತ್ತಿರದಿಂದ ನೋಡಿರಲಿಲ್ಲ.

“ಇದು ಶುಗರ್ ಮಾತ್ರೆ ಅಲ್ವಲ್ಲೇ. ನನ್ನ ಜೀವಮಾನದಲ್ಲಿ ಎಲ್ಲಾ ಕಂಪ್ನಿ ಶುಗರ್ ಮಾತ್ರೆ ನುಂಗಿದ್ದೀನಿ. ಇಂಥದ್ದು ನೋಡಿಲ್ಲ.”

“ಶುಗರ್ದಲ್ಲ ಅಕ್ಕ.”

“ಮತ್ತೇನದು?”

ಫ್ಯಾನು ಕರಕರ ಸುತ್ತುತ್ತಿತ್ತು. ಕೆಳಗೆ ಯಾರೋ ಕೊಡಪಾನ ತಟ್ಟಿ ನೋಡುತ್ತಿದ್ದರು.

“ಕೇಳ್ಬೇಡಿ ಅಕ್ಕ,” ಅಂದಳು ಸಿದ್ದಲಿಂಗಮ್ಮ. “ಕೇಳಿದ್ರೆ ಹೇಳ್ಬುಡ್ತೀನಿ. ಹೇಳ್ಬುಡೋವಷ್ಟು ಸುಸ್ತಾಗೈತೆ ನಂಗೆ.”

ಪುಟ್ಟತಾಯಮ್ಮ ಅವಳ ಮುಖ ನೋಡಿದರು. ಅವರ ಬಾಯಿ ನಿಂತದ್ದನ್ನು ಭಾನುಪ್ರಿಯಾ ಅವತ್ತೇ ಮೊದಲು ಕಂಡಳು. ಆದರೆ ಅವರು ಕೇಳದೆ ಬಿಡುವ ಪೈಕಿಯವರಲ್ಲ.

“ಹೇಳು,” ಅಂದರು.

“ಎಚ್‌ಐವಿ. ನಮ್ ಯಜಮಾನ್ರಿಂದ ಬಂದಿದ್ದು. ಇದು ಅದಕ್ಕೆ. ಇದನ್ನ ನಿಮ್ಮ ಮಾತ್ರೆ ಜೊತೆ ನುಂಗಿ ನುಂಗಿ ಇದು ಕೆಲ್ಸ ಮಾಡ್ದಂಗಾಯ್ತು. ನಿಮ್ ತಪ್ಪಲ್ಲ. ನಂಗೆ ಒಬ್ಳೇ ನುಂಗಿ ಸಾಕಾಗಿತ್ತು, ಅದಕ್ಕೆ ನಿಮ್ ಜೊತೆ ತಂದು ನುಂಗ್ದೆ.”

ಭಾನುಪ್ರಿಯಾಳ ಕೈ ತನ್ನ ಬುತ್ತಿ ಡಬ್ಬಿಯ ಮುಚ್ಚಳದ ಮೇಲೆ ನಿಂತಿತು. ಅರ್ಧ ತೆರೆದಿದ್ದನ್ನು ಅವಳು ಮೆಲ್ಲಗೆ ಒತ್ತಿ ಮುಚ್ಚಿದಳು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿಯೇ ಮಾಡಿತು. ಸಿದ್ದಲಿಂಗಮ್ಮ ಅದನ್ನು ನೋಡಿದಳು. ಒಂದು ದಿನ ಇದನ್ನು ನೋಡಬೇಕಾಗುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು.

“ನಮ್ ಜೊತೇಲೇ ಒಂದೇ ತಟ್ಟೇಲಿ ಉಂಡ್ಯಲ್ಲೇ,” ಅಂದರು ಪುಟ್ಟತಾಯಮ್ಮ.

“ಉಂಡ್ರೆ ಬರಲ್ಲ ಅಕ್ಕ.”

“ಅದು ಗೊತ್ತು ಕಣೆ, ಟೀವೀಲಿ ಬಡ್ಕೋತಾರೆ. ಅದಕ್ಕಲ್ಲ ನಾನಂದಿದ್ದು.” ಯಾತಕ್ಕೆಂದು ಅವರು ಹೇಳಲಿಲ್ಲ, ಬಹುಶಃ ಅವರಿಗೂ ಗೊತ್ತಿರಲಿಲ್ಲ. ಮಧುಸಖಿ ಡಬ್ಬಿಯ ಮುಚ್ಚಳ ಬಿಗಿದು, ಪಕ್ಕದ ಸೀರೆ ಗಂಟಿನ ಹಿಂದೆ ತಳ್ಳಿದರು. ಭಾನುಪ್ರಿಯಾಳ ಕಡೆಗೊಮ್ಮೆ ನೋಡಿ, “ಈ ಮಾತು ಈ ಮೆಟ್ಲು ಇಳೀಬಾರ್ದು, ತಿಳೀತಾ?” ಅಂದರು. ಅವಳು ತಲೆಯಾಡಿಸಿದಳು. ಮತ್ತೆ ಸಿದ್ದಲಿಂಗಮ್ಮನ ಕಡೆ ತಿರುಗಿದರು. “ಹಂಗಾದ್ರೆ ಆ ಕೊಳ್ಳೇಗಾಲದ ನಿಮ್ ದೊಡ್ಡಮ್ಮ? ಎರಡು ಸಲ ಸತ್ತೋರು?”

“ಚೆನ್ನಾಗವ್ರೆ ಅಕ್ಕ. ಮೊನ್ನೆ ಫೋನ್ ಮಾಡಿದ್ರು.”

ಪುಟ್ಟತಾಯಮ್ಮನವರ ಹೊಟ್ಟೆ ಒಮ್ಮೆ ಕುಲುಕಿತು, ನಗುವಲ್ಲದ ನಗು. ಅವರು ಅಂಗೈಯಲ್ಲಿದ್ದ ಮಾತ್ರೆಯನ್ನು ಸಿದ್ದಲಿಂಗಮ್ಮನ ಕಡೆ ಚಾಚಿದರು. ಕೈಯಿಂದ ಕೈಗೆ ದಾಟುವಾಗ ಮಾತ್ರೆ ಜಾರಿ ನೆಲಕ್ಕೆ ಬಿತ್ತು, ಒಂದು ಸಲ ಪುಟಿದು, ಉರುಳುತ್ತ ಮಿಷಿನ್‌ಗಳ ಕಡೆ ಹೋಯಿತು.

ಎಣಿಸಿ ಕೊಟ್ಟ ಮಾತ್ರೆ ಅದು. ಸಿದ್ದಲಿಂಗಮ್ಮ ಏಳಲು ನೆಲಕ್ಕೆ ಕೈಯೂರಿದಳು, ಕಾಲು ಏಳಲಿಲ್ಲ. ಪುಟ್ಟತಾಯಮ್ಮನವರ ಮಂಡಿ ಬಗ್ಗುವಂಥದ್ದಲ್ಲ. ಅವರು ಗೋಡೆ ಹಿಡಿದು ನಿಂತು, ಮೊಬೈಲಿನ ಟಾರ್ಚ್ ಹಾಕಿ ನೆಲದ ಮೇಲೆ ಆಡಿಸಿದರು. ಬೆಳಕು ದಾರದ ತುಂಡು, ಫಾಲ್ಸಿನ ಚೂರು, ಮುರಿದ ಸೂಜಿಯ ಮೇಲೆಲ್ಲ ಓಡಾಡಿ ಸಿದ್ದಲಿಂಗಮ್ಮನ ಮಿಷಿನ್ನಿನ ಕೆಳಗೆ ನಿಂತಿತು. ಭಾನುಪ್ರಿಯಾ ಕೂತಲ್ಲೇ ಒಂದು ಗಳಿಗೆ ಕೂತಿದ್ದಳು. ಆಮೇಲೆ ದುಪಟ್ಟಾ ಸೊಂಟಕ್ಕೆ ಬಿಗಿದು, ಕೆನ್ನೆ ನೆಲಕ್ಕೆ ತಾಗುವ ಹಾಗೆ ಬಗ್ಗಿ, ಪೆಡಲಿನ ಹಿಂದಕ್ಕೆ ಭುಜದವರೆಗೂ ಕೈ ತೂರಿಸಿದಳು. ಹೊರಗೆಳೆದಾಗ ಮಾತ್ರೆಗೆ ಕೆಂಪು ರೇಷ್ಮೆಯ ಎಳೆಯೊಂದು ಸ್ವಲ್ಪ ಧೂಳಿನ ಜೊತೆ ಸುತ್ತಿಕೊಂಡಿತ್ತು. ಕುಚ್ಚಿನ ಗಂಟು ಬಿಡಿಸುವಷ್ಟೇ ನಿಧಾನವಾಗಿ ಆ ಎಳೆ ಬಿಡಿಸಿ, ಊದಿ, ಮಾತ್ರೆಯನ್ನು ಸಿದ್ದಲಿಂಗಮ್ಮನ ಅಂಗೈಯಲ್ಲಿಟ್ಟಳು.

ಆಮೇಲೆ ಬೆರಳುಗಳನ್ನು ದುಪಟ್ಟಾಕ್ಕೆ ಒರೆಸಿಕೊಂಡಳು. ಧೂಳಿಗೋ, ಇನ್ನೇನಕ್ಕೋ. ಸಿದ್ದಲಿಂಗಮ್ಮ ಅದನ್ನು ಯೋಚಿಸಹೋಗಲಿಲ್ಲ. ಊಟ ಆಗುವವರೆಗೂ ಕಾಯಬೇಕಿತ್ತು. ಮಾತ್ರೆಯನ್ನು ಮುಚ್ಚಿಡಲಿಲ್ಲ, ಚಾಪೆಯ ಮೇಲೆ ತನ್ನ ನೀರಿನ ಲೋಟದ ಪಕ್ಕದಲ್ಲಿಟ್ಟು, ಬುತ್ತಿ ಬಿಚ್ಚಿ, ಹುರುಳಿಕಾಯಿ ಪಲ್ಯವನ್ನು ನಡುವಿನ ತಟ್ಟೆಗೆ ಸುರಿದಳು.